ಭವಿಷ್ಯ ನುಡಿದ ಕವಿಯ ಹಾರ್ಪ್

ನಾನೊಂದು ಹಾರ್ಪ್, ಬೆರಳಿನಿಂದ ಮೀಟುವ ತಂತಿವಾದ್ಯ. ಸ್ಕಾಟ್‌ಲೆಂಡಿನ ಹೊಳೆದಂಡೆಯಲ್ಲಿ ಬಾಗಿ ನಿಂತಿದ್ದ ವಿಲೋ ಮರ ನನ್ನ ತಾಯಿ. ಫಿನ್ಲೇ ಎಂಬ ಕವಿ ಒಂದೇ ದಿಮ್ಮಿ ಕೊರೆದು ನನ್ನ ಹೊಟ್ಟೆಯನ್ನು ಟೊಳ್ಳು ಮಾಡಿದ. ಅವನ ಹೊಟ್ಟೆಯೂ ಬಹುಪಾಲು ಹಾಗೇ ಇರುತ್ತಿದ್ದುದರಿಂದ ನಮಗೆ ಬೇಗ ಹೊಂದಿಕೆಯಾಯಿತು. ತಂತಿ ನನ್ನದು, ತಂತ್ರ ಅವನದು. ಪಾದ್ರಿಯ ಗೊಗ್ಗರು ದನಿ, ದೊರೆಯ ಸೀನು, ಬಾತುಗಳ ಜಗಳ, ಎಲ್ಲವನ್ನೂ ಅಣಕಿಸಿ ಬೆಸ್ತರ ಹಳ್ಳಿಯನ್ನು ನಗಿಸುತ್ತಿದ್ದ.

ಒಮ್ಮೆ ದೊರೆಯ ಕುದುರೆ ಕುಂಟುವುದನ್ನು ಕಂಡವನೇ, ನಾಳೆ ದೊರೆಯಿಲ್ಲದೆ ಕುದುರೆಯೊಂದೇ ಮನೆಗೆ ಬರುತ್ತದೆಂದು ಪದ ಕಟ್ಟಿ ಹಾಡಿದ. ಹಾಗೇ ಆಯಿತು. ದೊರೆ ಬಿದ್ದು ಸತ್ತ. ಬೆಟ್ಟದಡಿಯ ಯಕ್ಷಿಣಿಯರು ಫಿನ್ಲೇಗೆ ಸುಳ್ಳಾಡದ ನಾಲಿಗೆ ಕೊಟ್ಟಿದ್ದಾರೆಂದು ಸುದ್ದಿ ಹಬ್ಬಿತು. ಅವನು ಉಪ್ಪು ಕೇಳಿದರೂ ಜನ ಅದಕ್ಕೊಂದು ಅರ್ಥ ಹುಡುಕತೊಡಗಿದರು. ನಗುವುದನ್ನೇ ಬಿಟ್ಟರು.

ಅವನ ಜೀವದ ಗೆಳೆಯ ಬೆಸ್ತ ಡೂಗಲ್. ಡೂಗಲ್ ಮತ್ತು ಬೆಥೋಕಳ ಮದುವೆಯಲ್ಲಿ ಹೇಗಾದರೂ ನಗಿಸಬೇಕೆಂದು ಫಿನ್ಲೇ ತನ್ನನ್ನೇ ಅಣಕಿಸಿದ. ಕಣ್ಣು ಮೇಲೆ ಮಾಡಿ, ದನಿ ನಡುಗಿಸಿ, "ಮದುಮಗ ದೋಣಿ ಹತ್ತಿದರೆ ಮೀನಿಗೆ ಔತಣ!" ಎಂದು ನನ್ನ ದಪ್ಪ ತಂತಿ ಮೀಟಿದ.

ಯಾರೂ ನಗಲಿಲ್ಲ. ಮದುಮಗಳ ಕೈಯಿಂದ ರೊಟ್ಟಿ ಬಿತ್ತು.

"ಅಯ್ಯೋ, ತಮಾಷೆಗಂದೆ ಕಣ್ರೋ!"

"ನಿನ್ ನಾಲಿಗೆ ಸುಳ್ಳಾಡಲ್ವಲ್ಲಪ್ಪ," ಎಂದ ಮುದುಕ ನೀಲ್.

"ಹೂಂ, ಅದಕ್ಕೇ ನಂಬಿ! ತಮಾಷೆ ಅನ್ನೋದೇ ನಿಜ."

"ಈಗಿನದು ನಿಜ ಆದ್ರೆ ಆಗಿನದೂ ನಿಜವೇ ತಾನೆ?"

ದೋಣಿಗೆ ನಾಲ್ವರು ಹುಟ್ಟು ಹಾಕಬೇಕು. ಡೂಗಲ್ ಜೊತೆ ಕೂರಲು ಒಬ್ಬನೂ ಒಪ್ಪಲಿಲ್ಲ. ಚಳಿಗಾಲ ಬಂತು, ಬೆಥೋಕಳ ಮಡಕೆ ಬರಿದಾಯಿತು. ಫಿನ್ಲೇ ನನ್ನನ್ನು ಹೊತ್ತು ಮನೆಮನೆ ತಿರುಗಿ, ಡೂಗಲ್ ಜೊತೆ ದೋಣಿ ಹತ್ತಿರೆಂದು ಬೇಡಿಕೊಂಡ. ಕಡೆಗೆ ಡೂಗಲ್ ಬಳಿ ಬಂದು, "ನಾನೇ ಬರ್ತೀನಿ ನಡಿ" ಎಂದ.

"ನೀನು ಬಂದ್ರೆ ನಿನ್ ಮಂತ್ರದಿಂದ ಉಳಿದೆ ಅಂತಾರೆ, ಮಾರಾಯ. ಒಬ್ನೇ ಹೋಗಿ ಬರ್ತೀನಿ. ಸಂಜೆ ನಿನ್ ಭವಿಷ್ಯಾನ ಹುರ್ಕೊಂಡು ತಿನ್ನೋಣ."

ನಾಲ್ವರ ದೋಣಿಯಲ್ಲಿ ಒಬ್ಬನೇ ಹೋದ. ಮೂರನೆಯ ದಿನ ಒಂದು ಹುಟ್ಟು ಮಾತ್ರ ದಡಕ್ಕೆ ಬಂತು. ಅದನ್ನು ಕಂಡು ಊರವರು ಫಿನ್ಲೇಗೆ ಮೊಣಕಾಲೂರಿ ನಮಸ್ಕರಿಸಿದರು.

ಬೆಥೋಕ್ ಅವನನ್ನು ಮನೆಗೆ ಕರೆಸಿದಳು. ಬೈಯುತ್ತಾಳೆಂದುಕೊಂಡೆ.

"ಎಲ್ಲರ ದನಿ ತೆಗೀತೀಯಲ್ಲ, ಅವರ ದನಿ ತೆಗಿ. ಒಂದ್ಸಲ."

ಫಿನ್ಲೇ ಕಣ್ಣು ಮುಚ್ಚಿದ. "ಬೆಥೋಕ್, ಬೆಂಕಿ ಜೋರು ಮಾಡೇ. ತೊಯ್ದು ತೊಪ್ಪೆ ಆಗಿದೀನಿ."

ಡೂಗಲನದೇ ದನಿ. ಯಾರೂ ಮುಟ್ಟದೆ ನನ್ನ ತಂತಿಗಳು ನಡುಗಿದವು. ಅವಳು ಎದ್ದು ಒಲೆಗೆ ಎರಡು ಕಟ್ಟಿಗೆ ಇಟ್ಟಳು. ಬಾಗಿಲ ಕಡೆ ನೋಡಿದಳು.

"ಸಾಕು. ಇನ್ನು ಈ ಕಡೆ ಬರಬೇಡ."

ನನ್ನನ್ನು ಅಲ್ಲೇ ಹೊಸ್ತಿಲ ಬಳಿ ಬಿಟ್ಟು ಫಿನ್ಲೇ ಹೊರಟುಹೋದ. ಯಕ್ಷಿಣಿಯರ ರಾಣಿ ಬಿಳಿಗುದುರೆಯ ಮೇಲೆ ಬಂದು ಕರೆದೊಯ್ದಳೆಂದು ಜನ ಹಾಡುತ್ತಾರೆ. ನಾನು ನೋಡಿದ್ದೇನೆ: ಅವನ ಜೊತೆ ಯಾರೂ ಇರಲಿಲ್ಲ.

ಈಗ ನನಗೆ ಮುಪ್ಪು. ತಂತಿಗಳೆಲ್ಲ ಹರಿದಿವೆ, ಹುಳು ಹಿಡಿದಿದೆ. ಬೆಥೋಕಳ ಒಲೆಯ ಮೇಲೆ ತೂಗುತ್ತೇನೆ. ಅವಳು ನನ್ನ ಮೈಗೆ ಮೀನು ಕಟ್ಟಿ ಒಣಗಿಸುತ್ತಾಳೆ. ನಾನು ಮಾಡಿದ ಎಲ್ಲ ಕೆಲಸಗಳಲ್ಲಿ ಯಾರಿಗೂ ಕೇಡು ಮಾಡದಿದ್ದುದು ಇದೊಂದೇ ಇರಬೇಕು.

ದೂರದೂರಿನ ಬೆಸ್ತರು ಇಂದಿಗೂ ಬಂದು ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಾರೆ. "ಅಮ್ಮಾ, ಕವಿಯ ಹಾರ್ಪ್ ನಮ್ಮ ವಿಚಾರ ಏನಾದ್ರೂ ಹೇಳ್ತದಾ?"

ಬೆಥೋಕ್ ತಿರುಗಿಯೂ ನೋಡುವುದಿಲ್ಲ. "ಮೀನು ಒಣಗ್ತಾ ಇದೆ. ದೂರ ನಿಲ್ಲಿ."

ಅವರು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಆ ಮಾತನ್ನೇ ಮೆಲ್ಲಗೆ ಬಾಯಿಪಾಠ ಮಾಡಿಕೊಳ್ಳುತ್ತ ಹೋಗಿ, ತಮ್ಮ ದೋಣಿಗಳನ್ನು ದಡಕ್ಕೆ ಎಳೆದು ಕಟ್ಟುತ್ತಾರೆ.