ಉಷ್ಣದ ಗುಳಿಗೆ

ಶಾಂಭವಿಯ ರಕ್ತದಲ್ಲಿ ಮಲೇರಿಯಾ ಇದೆ ಎಂದು ಬೆಳಿಗ್ಗೆಯೇ ಗೊತ್ತಾಗಿತ್ತು. ಗಂಡನ ಕೆಲಸಕ್ಕಾಗಿ ಮಂಗಳೂರಿನಲ್ಲಿದ್ದು, ಹದಿನೈದು ದಿನದ ಹಿಂದಷ್ಟೇ ಅಮ್ಮಿನಬಾವಿಯ ಅತ್ತೆಮನೆಗೆ ಮರಳಿದ ಹುಡುಗಿ. ಡಾಕ್ಟರ್ ರಾಜರತ್ನ ಚೀಟಿಯಲ್ಲಿ ಎರಡು ಔಷಧಿ ಬರೆದಿದ್ದರು: ಮೂರು ದಿನ ಕ್ಲೋರೋಕ್ವಿನ್, ಹದಿನಾಲ್ಕು ದಿನ ಪ್ರೈಮಾಕ್ವಿನ್. ಮೊದಲನೆಯದು ಜ್ವರ ಇಳಿಸುತ್ತದೆ. ಎರಡನೆಯದು ಲಿವರಿನಲ್ಲಿ ಅಡಗಿ ಕೂತ ರೋಗದ ಬೇರು ಕೀಳುತ್ತದೆ. ಆದರೆ ಆ ಎರಡನೆಯದನ್ನು ಬಸುರಿಗೆ ಕೊಡುವಂತಿಲ್ಲ, ಹೊಟ್ಟೆಯೊಳಗಿನ ಕೂಸಿಗೆ ಅಪಾಯ. ಚೀಟಿಯಲ್ಲಿ 'ಗರ್ಭಿಣಿ' ಎಂಬುದರ ಮುಂದೆ 'ಇಲ್ಲ' ಎಂದಿತ್ತು.

ಔಷಧಿ ಹಿಡಿದು ಮನೆಗೆ ಬಂದ ನರ್ಸ್ ಪ್ರಭಾವತಿಗೆ ಆ 'ಇಲ್ಲ'ದ ಮೇಲೆ ನಂಬಿಕೆ ಹುಟ್ಟಲಿಲ್ಲ. ಇಪ್ಪತ್ತೆರಡು ವರ್ಷ ಇಂಥ ಓಣಿಗಳನ್ನು ತುಳಿದವಳು ಅವಳು. ಬಳೆ ಒಡೆದರೂ ಅಪಶಕುನವೆಂದು 'ಹೆಚ್ಚಾದವು' ಎನ್ನುವ ಮಂದಿ, ಮೂರು ತಿಂಗಳು ತುಂಬುವ ಮೊದಲು ಬಸಿರಿನ ಮಾತು ಬಾಯಿಬಿಟ್ಟು ಆಡುತ್ತಾರೆಯೇ? ಅದರಲ್ಲೂ ಈ ಹುಡುಗಿಗೆ ಹೋದ ವರ್ಷ ನಿಂತ ಬಸಿರು ಉಳಿಯದೆ ಹೋಗಿತ್ತು.

"ದವಾಖಾನ್ಯಾಗ ಇಲ್ಲ ಅಂತ ಹೇಳಿದವರು ಯಾರ್ರಿ?"

"ನಾನ," ಅಂದಳು ಅತ್ತೆ ಶರಣವ್ವ. "ಇಲ್ಲದ್ದಕ್ಕ ಇಲ್ಲ ಅಂತಾರ. ಇದ್ದಿದ್ರ ಊರಿಗೆಲ್ಲಾ ಸಕ್ಕರಿ ಹಂಚ್ತಿದ್ದೆ, ನರ್ಸಬಾಯಾರ."

"ನೀ ಹೇಳವಾ ತಂಗಿ."

ಕೌದಿಯೊಳಗೆ ನಡುಗುತ್ತಿದ್ದ ಶಾಂಭವಿ ಅತ್ತೆಯ ಕಡೆ ನೋಡಿದಳು. "ಅತ್ತಿ ಹೇಳ್ಯಾರಲ್ರಿ."

ಪ್ರಭಾವತಿ ಚೀಲದಿಂದ ಬಸಿರಿನ ಪರೀಕ್ಷೆಯ ಪಟ್ಟಿ ತೆಗೆದಳು. "ಇಲ್ಲ ಅಂದ ಮ್ಯಾಲೆ ಪರೀಕ್ಷಾ ಯಾಕ್ರಿ? ಪಾಪ, ಆಕಿಗೆ ಏಳಾಕ ಆಗವಲ್ದು," ಎಂದು ಶರಣವ್ವ ಅಡ್ಡ ನಿಂತಳು. ಆಗ ಪ್ರಭಾವತಿಗೆ ಒಂದು ಉಪಾಯ ಹೊಳೆಯಿತು.

"ಆತು ಬಿಡ್ರಿ. ಆದ್ರ ಈ ಹದಿನಾಕು ದಿನದ ಗುಳಿಗಿ ಭಾಳ ಉಷ್ಣ ನೋಡ್ರಿ. ಪಪ್ಪಾಯಿ ಹಣ್ಣಿದ್ದಂಗ."

ಗುಳಿಗೆಗೆಂದು ಚಾಚಿದ್ದ ಶರಣವ್ವನ ಕೈ ಹಾವು ಕಂಡಂತೆ ಹಿಂದೆ ಸರಿಯಿತು. ಮರುಗಳಿಗೆ ಅವಳು ಎರಡೂ ಪೊಟ್ಟಣ ಬಾಚಿ ಪ್ರಭಾವತಿಯ ಚೀಲಕ್ಕೆ ತುರುಕಿದಳು. "ಯಾವೂ ಬ್ಯಾಡ್ರಿ! ಸರಕಾರಿ ಗುಳಿಗಿ ಎಲ್ಲಾ ಉಷ್ಣನ. ಅಮೃತಬಳ್ಳಿ ಕಷಾಯ ಕುದಸ್ತೇನಿ, ಎರಡ ದಿನದಾಗ ಎದ್ದು ಕೂಡ್ತಾಳ."

ಉತ್ತರವೇನೋ ಸಿಕ್ಕಿತು. ಆದರೆ ಒಂದು ಗುಳಿಗೆಗೆ ಅಂದ ಮಾತು ಇನ್ನೊಂದಕ್ಕೂ ತಗುಲಿತ್ತು. ಬಸುರಿಯ ಮಲೇರಿಯಾ ಕಷಾಯಕ್ಕೆ ಬಗ್ಗುವುದಲ್ಲ. ಹಾಗೇ ಬಿಟ್ಟರೆ ತಾಯಿಗೂ ಕೂಸಿಗೂ ಕುತ್ತು. ತನ್ನ ಜಾಣತನ ತನಗೇ ತಿರುಗಿತ್ತು. ಇನ್ನು ನೆಟ್ಟಗೆ ಮಾತಾಡುವುದೇ ವಾಸಿ ಎಂದುಕೊಂಡು, ಶರಣವ್ವನ ಕೈ ಹಿಡಿದು ಸೊಸೆಯ ಹಣೆಯ ಮೇಲಿಟ್ಟಳು.

"ಉಷ್ಣ ಅಂದು ನಾನ ಕೆಡಿಸಿದೆ. ಇದು ಉಷ್ಣ ಅಲ್ಲೇನ್ರಿ? ಹೋದ ಸಲ ಆದದ್ದು ಮತ್ತ ಆಗಬಾರದಂದ್ರ ಮೊದಲ ಈ ಬೆಂಕಿ ಆರಬೇಕು. ಮೂರು ದಿನದ ಗುಳಿಗಿ ಬಸುರ್ಯಾರಿಗೂ ಕೊಡ್ತೇವಿ. ಇನ್ನೊಂದನ್ನ ನಾ ವಾಪಸ್ ಒಯ್ತೇನಿ."

ಶರಣವ್ವ ಕೈ ತೆಗೆಯಲಿಲ್ಲ. "ನಾ ಏನೂ ಹೇಳಿಲ್ಲ ನೋಡ್ರಿ ಮತ್ತ," ಅಂದಳು.

"ನಾನೂ ಏನೂ ಕೇಳಿಲ್ಲ. ಒಂದು ರೊಟ್ಟಿ ತರ್ರಿ, ಹಸದ ಹೊಟ್ಟ್ಯಾಗ ನುಂಗಿದ್ರ ವಾಂತಿ ಆಗತೈತಿ."

ಪ್ರಭಾವತಿ ಅಂಗಳಕ್ಕೆ ಬಂದು ಡಾಕ್ಟರಿಗೆ ಫೋನ್ ಮಾಡಿ ಬಸಿರಿನ ಅನುಮಾನ ಹೇಳಿದಳು. "ಚೀಟ್ಯಾಗ ಇಲ್ಲ ಅಂತ ಐತಲ್ರಿ?" ಅಂದರು ರಾಜರತ್ನ.

"ಅದು ಅತ್ತಿ ಹೇಳಿದ 'ಇಲ್ಲ' ರೀ ಸರ್."

ಅವರು ನಕ್ಕರು. "ಹಂಗಾರ ಪ್ರೈಮಾಕ್ವಿನ್ ಕೊಡಬ್ಯಾಡ್ರಿ. ನಾಳೆ ಕರಕೊಂಡು ಬರ್ರಿ, ಖಾತ್ರಿ ಮಾಡೋಣು."

ಶಾಂಭವಿ ಅರ್ಧ ರೊಟ್ಟಿ ತಿಂದು, ಮುಖ ಕಿವುಚಿ ನಾಲ್ಕು ಗುಳಿಗೆ ನುಂಗಿದಳು. ವಾಂತಿಯಾದೀತೆಂದು ಪ್ರಭಾವತಿ ಅರ್ಧ ತಾಸು ಕೂತೇ ಇದ್ದಳು.

"ಜ್ವರ ಹೊಳ್ಳಿ ಬಂದ್ರ?" ಶರಣವ್ವ ಮೆಲ್ಲಗೆ ಕೇಳಿದಳು.

"ಬರಬಹುದು. ಬಂದ್ರ ಲಗೂ ಹೇಳಿ ಕಳಸ್ರಿ, ಇದನ್ನ ಮತ್ತ ಕೊಡ್ತೇವಿ. ಬೇರು ಕೀಳೋ ಗುಳಿಗಿ ಈಕಿ ಹಡದು, ಕೂಸಿಗೆ ಆರು ತಿಂಗಳು ತುಂಬಿದ ಮ್ಯಾಲೆ."

ಶರಣವ್ವ ಬೆರಳಿನ ಗೆಣ್ಣು ಎಣಿಸತೊಡಗಿದಳು. "ಇನ್ನ ಏಳು... ಅದರ ಮ್ಯಾಲೆ ಆರು... ಅಯ್ಯ ಶಿವನ, ಹದಿಮೂರು ತಿಂಗಳು ಕಾಯಬೇಕಲ್ರಿ!" ಅಂದವಳು ಗಕ್ಕನೆ ಬಾಯಿಗೆ ಸೆರಗು ಹಿಡಿದಳು. ಕೌದಿಯೊಳಗಿಂದ ಕಿಸಕ್ಕನೆ ನಗೆ ಕೇಳಿಸಿತು.

ಪ್ರಭಾವತಿ ಒಂಬತ್ತರಲ್ಲಿ ಏಳು ಕಳೆದು, ಚೀಟಿಯ ಮೇಲೆ 'ಎರಡು ತಿಂಗಳು' ಎಂದು ಬರೆದಳು.

"ಬರೀಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ!"

"ಪೆನ್ಸಿಲ್ಲಿಲೆ ಬರದೇನ್ರಿ. ಮೂರು ತುಂಬಲಿ, ಪೆನ್ನಿಲೆ ತಿದ್ದತೇನಿ."