ಒಂದು ಡಿಗ್ರಿ ಹೆಚ್ಚು

"ಅಜಾಗ್ರತೆ ಅಂತ ಬರೆದಿದ್ದೀಯಾ? ಹೊಡೆದು ಹಾಕು ಆ ಪದಾನ! ಈಗಲೇ ಹೊಡೆದು ಹಾಕು!"

ಅಕ್ಕ ಮೇಜು ಬಡಿದ ರಭಸಕ್ಕೆ ಬೀಜದ ಡಬ್ಬಿಗಳು ಗಡಗಡ ಅಂದವು. ತಮ್ಮ ಬಾಗಿಲ ಕಡೆ ನೋಡಿದ. ಈ ಬೀಜ ಪರೀಕ್ಷೆಯ ಪ್ರಯೋಗಾಲಯಕ್ಕೆ ಅವನೇ ಮುಖ್ಯಸ್ಥ. ಅವಳು ಅಲ್ಲಿಯ ಸಹಾಯಕಿ.

"ಮೆಲ್ಲಗೆ ಅಕ್ಕ, ಆಚೆ ಜನ ಇದ್ದಾರೆ."

"ಇರಲಿ, ಕೇಳಲಿ. ನನ್ನ ಮಾನ ಊರೆಲ್ಲ ಓದಬಹುದು, ನಿನ್ನದು ಮಾತ್ರ ಬಾಗಿಲು ದಾಟಬಾರದಾ?"

ಬೀಜದ ಕೋಣೆಯ ಗೋಡೆಯಲ್ಲಿ ಹಳೆಯ ಉಷ್ಣಮಾಪಕವೊಂದಿತ್ತು. ಹಿಂದೆ ಗೆರೆ ಕೊರೆದ ಮರದ ಪಟ್ಟಿ, ಅದರ ಮುಂದೆ ಪಾದರಸದ ದಪ್ಪ ಗಾಜಿನ ಕೊಳವೆ. ಏಳು ವರ್ಷದಿಂದ ದಿನಾ ಬೆಳಿಗ್ಗೆ ಅದನ್ನು ಓದಿ ಬರೆಯುತ್ತಿದ್ದವಳು ಅವಳು. ಹೋದ ತಿಂಗಳು ಜ್ವರ ಬಂದು ಮಲಗಿದಾಗ ತಮ್ಮನೇ ಓದಿದ. ಒಂದು ಡಿಗ್ರಿ ಕಡಿಮೆ ಕಂಡಿತು. ಅವಳು ಕೆಲಸಕ್ಕೆ ಬಂದ ಮೇಲೆ ಹದಿನೈದು ದಿನ ಅವಳ ಬೆನ್ನ ಹಿಂದೆಯೇ ನಿಂತು ತಾನೂ ಓದಿದ. ದಿನವೂ ಅವಳದು ಒಂದು ಡಿಗ್ರಿ ಹೆಚ್ಚು. ಏಳು ವರ್ಷದ ಲೆಕ್ಕವೆಲ್ಲ ಕೆಟ್ಟಿತೆಂದು ವರದಿಯಲ್ಲಿ "ಓದುವವರ ಅಜಾಗ್ರತೆ" ಎಂದು ಬರೆದು ಕೈತೊಳೆದುಕೊಂಡ.

"ಅಜಾಗ್ರತೆ ಆಗಿದ್ರೆ ಒಂದಿನ ಮೇಲೆ, ಒಂದಿನ ಕೆಳಗೆ ಹೋಗ್ತಿತ್ತು ಕಣೋ. ದಿನಾ ಒಂದೇ ಕಡೆಗೆ, ಒಂದೇ ಅಳತೆ ತಪ್ತೀನಿ ಅಂತ ನಾನೇನು ಪಣ ತೊಟ್ಟಿದ್ನಾ? ಬಾ ಇಲ್ಲಿ."

ಅವನ ತೋಳು ಹಿಡಿದು ಎಳೆದುಕೊಂಡು ಹೋಗಿ ಗೋಡೆಯ ಮುಂದೆ ನಿಲ್ಲಿಸಿದಳು.

"ಮಂಡಿ ಬಗ್ಗಿಸು. ಇನ್ನೂ. ನನ್ನಷ್ಟು ಗಿಡ್ಡ ಆಗು. ಈಗ ಓದು."

ಅವನು ಕತ್ತೆತ್ತಿ ನೋಡಿದ. ಕೆಳಗಿನಿಂದ ನೋಡಿದರೆ ಪಾದರಸದ ತುದಿ ಮೇಲಿನ ಗೆರೆಗೆ ತಾಗಿದ ಹಾಗಿತ್ತು. ನೆಟ್ಟಗೆ ನಿಂತ. ಒಂದು ಗೆರೆ ಇಳಿಯಿತು.

"ಇದನ್ನ ಗೋಡೆಗೆ ಮೊಳೆ ಹೊಡೆದು ಹಾಕಿದವನು ಯಾರು? ನೀನು. ನಿನ್ನ ಕಣ್ಣಿನ ಎತ್ತರಕ್ಕೆ. ನನಗೆ ಎಟುಕಲ್ಲ, ಕೆಳಗೆ ಹೊಡಿ ಅಂದೆ. 'ಇನ್ನೂ ಬೆಳೀತೀಯ ಬಿಡಕ್ಕ' ಅಂತ ನೀನು ನಕ್ಕೆ."

ಅವನು ಅಂಗಿಯ ತೋಳು ಸರಿಮಾಡಿಕೊಂಡ.

"ನಿನಗೆ ಮಗ್ಗಿ ಕಲಿಸಿದವಳು ನಾನು. ಎಲ್ಲದರಲ್ಲೂ ಒಂದು ಕಳೆಯೋಕೆ ಬರಲ್ವಾ? ಏಳು ವರ್ಷದ ಓದು ಉಳಿಯುತ್ತೆ."

"ಬರುತ್ತೆ. ಆದ್ರೆ ಯಾಕೆ ಕಳೆದೆ ಅಂತ ಬರೀಬೇಕಲ್ಲ. ಗೋಡೆಗೆ ಉಷ್ಣಮಾಪಕ ಹೊಡೆಯೋಕೂ ಬರದವನು ಮುಖ್ಯಸ್ಥನಾ ಅಂತ ನಗ್ತಾರೆ."

"ಹಾಗಾಗಿ ನಾನು ಕುರುಡಿ?"

"ನಿನ್ನ ಕೆಲಸ ಹೋಗಲ್ಲಕ್ಕ, ನಾನಿದ್ದೀನಲ್ಲ." ಅವನು ಅವಳ ಹೆಗಲು ಮುಟ್ಟಿದ, ಮಗುವನ್ನು ಸಮಾಧಾನ ಮಾಡುವವನ ಹಾಗೆ. "ವರದಿ ಓದೋರಿಗೆ ನೀನು ಯಾರಂತ ಗೊತ್ತು ಹೇಳು? ನಿನಗೇನು ನಷ್ಟ?"

ಅವಳಿಗೆ ಬೈಗುಳ ಬಾಯಿಗೆ ಬಂತು. ಜ್ವರ ಬಂದ ಆ ವಾರ ಬಿಟ್ಟರೆ ಒಂದು ದಿನವೂ ತಪ್ಪಿಸದೆ ಓದಿದ್ದಳು. ಯಾರೂ ನೋಡದಿದ್ದರೂ ಒಂದಂಕಿಯನ್ನೂ ಊಹಿಸಿ ಬರೆದವಳಲ್ಲ. ಅದನ್ನು ಇವನಿಗೆ ಬಿಡಿಸಿ ಹೇಳಬೇಕಾಗಿ ಬಂತಲ್ಲ ಎನ್ನಿಸಿ ಬೈಗುಳವನ್ನೂ ನುಂಗಿಕೊಂಡಳು.

ಕೋಣೆಯ ಬೀಗದ ಕೈಯನ್ನು ವರದಿಯ ಮೇಲಿಟ್ಟಳು.

"ಎಲ್ಲಿಗೆ? ಅಕ್ಕಾ, ಸಂಜೆ ಮನೆಗೆ ಬರ್ತೀನಿ, ಕೂತು ಮಾತಾಡೋಣ."

"ಬರಬೇಡ."

ಬಸ್ಸಿಗೆ ಕಾಯದೆ ನಡೆದೇ ಹೋದಳು. ತಮ್ಮ ಎರಡು ಸಲ ಹೇಳಿ ಕಳಿಸಿದ. ಅವಳು ಮತ್ತೆ ಆ ಪ್ರಯೋಗಾಲಯದ ಮೆಟ್ಟಿಲು ತುಳಿಯಲಿಲ್ಲ.