ಡಿಕ್ಕಿಯೊಳಗಿನ ಪೈಪು

ರುದ್ರಪ್ಪನ ತಲೆ ಮತ್ತೆ ಬಲಕ್ಕೆ ವಾಲಿತು. ಗೋವಿಂದ ಎರಡೂ ಕೈಯಿಂದ ಅದನ್ನೆತ್ತಿ ಗೋಡೆಗೆ ಆನಿಸಿ ಹಿಡಿದ. ಸ್ವಾಮಿಗಳು ಹಣೆಗೆ ಸುತ್ತಿದ ಬಿಳಿ ವಸ್ತ್ರದ ತುದಿಯನ್ನು ಗೋಡೆಯ ಮೊಳೆಗೆ ಬಿಗಿದರು. ಕೂರಿಸಿಯೇ ಒಯ್ಯಬೇಕು, ಕೂರಿಸಿಯೇ ಮಣ್ಣು ಕೊಡಬೇಕು. ಅವರ ಮನೆತನದ ಪದ್ಧತಿ ಅದು. ಎಡ ಅಂಗೈಯಲ್ಲಿ ಲಿಂಗವಿತ್ತು, ಮೈತುಂಬ ವಿಭೂತಿಯಿತ್ತು. ಎಷ್ಟು ಬಳಿದರೂ ಬೆರಳ ಸಂದಿಯ ಕಪ್ಪು ಮಾತ್ರ ಹೋಗಿರಲಿಲ್ಲ. ಇಪ್ಪತ್ತೆರಡು ವರ್ಷ ಟೈರು ಬಿಚ್ಚಿ ಹಾಕಿದ ಕೈ ಅದು, ಸತ್ತ ಮಾತ್ರಕ್ಕೆ ಬೆಳ್ಳಗಾಗುತ್ತದೆಯೇ.

"ನೆಟ್ಟಗ ಹಿಡಿಯೋ ತಮ್ಮಾ," ಎಂದರು ಸ್ವಾಮಿಗಳು.

ಅಂಗಡಿಯಲ್ಲಿ ಚಕ್ರ ಕೂರಿಸುವಾಗ ರುದ್ರಪ್ಪ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತೂ ಇದೇ. ಗೋವಿಂದ ಹೆಣದ ಮುಖ ತಪ್ಪಿಸಿ ಗೋಡೆಯ ಸುಣ್ಣ ನೋಡುತ್ತ ನಿಂತ.

ನಾಗಪುರದ ಮನೀಶ್ ನಗರದ ಆ ಎರಡು ಕೋಣೆಯ ಮನೆಗೆ ಬಂದವರು ಹೆಚ್ಚಿರಲಿಲ್ಲ. ಎರಡು ವರ್ಷದಿಂದ ಅಲ್ಲಿಗೆ ಹೋಗಿ ಬಂದೆವೆಂದು ಹೇಳಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಬಂದ ನಾಲ್ಕು ಜನರೂ ಹೊರಗೆ ನಿಂತು ಬಿಸಿಲಿನ ಮಾತಾಡುತ್ತಿದ್ದರು. ಸತ್ತವನ ಬಗ್ಗೆ ಒಂದು ಒಳ್ಳೆಯ ಮಾತು ಹುಡುಕುವುದಕ್ಕಿಂತ ಬಿಸಿಲಿನ ಮಾತು ಸಲೀಸು.

ಹೆಂಡತಿ ಕಲಾವತಿ ಗಂಡನ ಪಾದದ ಬಳಿ ಕೂತಿದ್ದಳು. ಅಳುತ್ತಿರಲಿಲ್ಲ.

"ಗೋವಿಂದಾ, ನೀ ಇವರ ಕೈಯಾಗ ಕೆಲಸಾ ಕಲತಾಂವ. ಇವತ್ತರ ಹೇಳು, ಇವರು ಯಾಕ ಹಂಗ ಮಾಡಿದ್ರು?"

"ಈಗ್ಯಾಕ್ರಿ ವೈನಿ ಅದೆಲ್ಲಾ."

"ಎರಡು ವರ್ಷ ಇವರ ಜೋಡಿ ಬರೋಬರ್ ಮಾತಾಡಿಲ್ಲ ನಾ. ತಾಟು ಇಟ್ಟು ಒಳಗ ಹೋಗ್ತಿದ್ದೆ. ಒಬ್ಬಾಂವನ ಕಾಲು ತಗದ ಕೈಗೆ ಹೆಂಗ ನೀಡಲಿ ಅನಸ್ತಿತ್ತು. ಇವರು 'ನಾ ಮಾಡಿಲ್ಲ' ಅಂದ್ರು. ನೀ 'ಅವರ ಮಾಡ್ಯಾರ' ಅಂದಿ. ನಾ ನಿನ್ನ ಮಾತು ನಂಬಿದೆ."

ಹೇಳಿಬಿಡಬೇಕು ಎಂದು ಗೋವಿಂದನಿಗೆ ಅನ್ನಿಸಿತು. ಹೇಳಿದರೆ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಈ ಹೆಂಗಸಿನ ಕಣ್ಣ ಮುಂದೆ ನಿಲ್ಲಬೇಕಾಗುತ್ತದೆ. ಅವನು ವಾಲದೇ ಇದ್ದ ತಲೆಯನ್ನು ಮತ್ತೊಮ್ಮೆ ಸರಿಮಾಡಿದ.

*

ಅದು ಎರಡು ಸಾವಿರದ ಏಳರ ಮೇ ತಿಂಗಳು. ಲಕ್ಷ್ಮೀ ನಗರದ ವೇಣುಗೋಪಾಲನ ಟೈರ್ ಅಂಗಡಿಗೆ ಹೊರದೇಶದ ಕಾರೊಂದು ಬಂದಿತ್ತು. ಆಗ ನಾಗಪುರದಲ್ಲಿ ಅಂಥವು ಬೆರಳೆಣಿಕೆಯಷ್ಟು. ಒಂದೊಂದು ಚಕ್ರದೊಳಗೂ ಹೆಬ್ಬೆರಳಿನಷ್ಟು ದಪ್ಪದ ಒಂದು ಸೆನ್ಸರ್. ಗಾಳಿ ಇಳಿದರೆ ಅದು ಸುದ್ದಿ ಮುಟ್ಟಿಸುತ್ತದೆ, ಚಾಲಕನ ಎದುರು ಹಳದಿ ದೀಪ ಹೊತ್ತುತ್ತದೆ. ಕಾರಿನ ಯಜಮಾನರು ಮಗಳ ಮದುವೆಗೆಂದು ಥಳಥಳಿಸುವ ಹೊಸ ಚಕ್ರ ಕೊಂಡು ತಂದಿದ್ದರು. ಹಳೆಯ ಸೆನ್ಸರ್‌ಗಳು ಅವುಗಳ ತೂತಿಗೆ ಕೂಡಲಿಲ್ಲ.

"ಕೂಡೂದಿಲ್ರಿ," ಎಂದ ಹಿರಿಯ ಫಿಟ್ಟರ್ ರುದ್ರಪ್ಪ. "ಈ ಚಕ್ರಕ್ಕ ಒಪ್ಪೂವು ಮುಂಬೈಯಿಂದ ಬರಬೇಕು. ಬಂದಮ್ಯಾಲ ಒಂದೊಂದನ್ನೂ ಕಾರಿಗೆ ಗುರ್ತು ಹಿಡಸಬೇಕು. ಹತ್ತು ದಿನಾ ಬೇಕು."

"ನಾಳೆ ಮೆರವಣಿಗೆಗೆ ಕಾರು ಬೇಕು ರುದ್ರಪ್ಪ," ಎಂದ ವೇಣುಗೋಪಾಲ. ಮೈಸೂರಿನ ಕಡೆಯವನು, ಸಿಟ್ಟು ಬಂದರೂ ನಯವಾಗಿಯೇ ಮಾತಾಡುವವನು. "ದೀಪ ಉರೀಬಾರದು, ಅಷ್ಟೆ. ಶುಭಕಾರ್ಯದಲ್ಲಿ ಅವರು ಅಪಶಕುನ ಅಂತಾರೆ."

"ಉರೀಲಿ ಬಿಡ್ರಿ. ಸೆನ್ಸರ್ ಇಲ್ಲ ಅಂತ ಅದು ಖರೇನ ಹೇಳ್ತೈತಿ. ಖರೇ ಹೇಳೂದರ ಬಾಯಿ ಮುಚ್ಚಸೂದು ನನ್ನ ಕೆಲಸಾ ಅಲ್ಲ."

ಕೈ ಒರೆಸಿಕೊಂಡು ರುದ್ರಪ್ಪ ಮನೆಗೆ ಹೋದ. ವೇಣುಗೋಪಾಲ ಗೋವಿಂದನತ್ತ ತಿರುಗಿದ. ತಾಸಿನೊಳಗೆ ಗೋವಿಂದ ಮೊಳದುದ್ದದ ಪ್ಲಾಸ್ಟಿಕ್ ಪೈಪಿನಲ್ಲಿ ನಾಲ್ಕೂ ಸೆನ್ಸರ್ ತುಂಬಿ, ಎರಡು ಕಡೆ ಮುಚ್ಚಳ ಅಂಟಿಸಿ, ಒಂದು ವಾಲ್ವ್ ಕೂರಿಸಿ, ಮೂವತ್ತೆರಡು ಪೌಂಡ್ ಗಾಳಿ ಹೊಡೆದ. ಅದನ್ನು ಡಿಕ್ಕಿಯ ಮ್ಯಾಟಿನ ಕೆಳಗೆ ಮಲಗಿಸಿದ. ದೀಪ ಆರಿತು. ಡಿಕ್ಕಿಯಲ್ಲಿ ಬಿದ್ದಿರುವುದನ್ನೇ ನಾಲ್ಕು ಚಕ್ರವೆಂದು ನಂಬಿಕೊಂಡು ಕಾರು ಮದುವೆಗೆ ಹೋಯಿತು. ವೇಣುಗೋಪಾಲ ಬೆನ್ನು ತಟ್ಟಿದಾಗ ಗೋವಿಂದನಿಗೆ ನಿಜವಾಗಿಯೂ ಖುಷಿಯಾಗಿತ್ತು. ಮರುದಿನ ರುದ್ರಪ್ಪನಿಗೆ ಅವನು ಇದನ್ನು ಹೇಳಲಿಲ್ಲ.

ನಾಲ್ಕು ತಿಂಗಳ ಮೇಲೆ ವರ್ಧಾ ರಸ್ತೆಯಲ್ಲಿ ಅದೇ ಕಾರಿನ ಹಿಂದಿನ ಟೈರು ಸಿಡಿಯಿತು. ಗಾಳಿ ಎಷ್ಟು ದಿನದಿಂದ ಇಳಿಯುತ್ತಿತ್ತೋ, ದೀಪ ಮಾತ್ರ ಉರಿದಿರಲಿಲ್ಲ. ಡ್ರೈವರನ ಒಂದು ಕಾಲು ಹೋಯಿತು. ಪೊಲೀಸರು ಪೈಪು ಹಿಡಿದುಕೊಂಡು ಅಂಗಡಿಗೆ ಬಂದರು.

"ಇಂಥದ್ದೊಂದು ಇರುತ್ತೆ ಅಂತಲೇ ನನಗೆ ಗೊತ್ತಿಲ್ಲ. ಕೆಲಸವೆಲ್ಲ ಹಿರಿಯ ಫಿಟ್ಟರ್ ಕೈಯಲ್ಲೇ," ಎಂದ ವೇಣುಗೋಪಾಲ. ಆಮೇಲೆ ಗೋವಿಂದನನ್ನು ಸುಮ್ಮನೆ ನೋಡಿದ.

"ರುದ್ರಪ್ಪಣ್ಣನ ಮಾಡಿದ್ದು," ಎಂದ ಗೋವಿಂದ.

ರುದ್ರಪ್ಪ ಅವನ ಕಡೆ ನೋಡಿದ. ಬೈಯಲಿಲ್ಲ. ಬೈದಿದ್ದರೆ ಗೋವಿಂದ ಎರಡು ವರ್ಷದಲ್ಲಿ ಎಂದಾದರೂ ನೆಮ್ಮದಿಯಿಂದ ಉಣ್ಣುತ್ತಿದ್ದನೇನೋ.

ಲಾಕಪ್ಪಿನಿಂದ ಬಂದ ಮೇಲೆ ರುದ್ರಪ್ಪನಿಗೆ ಊರಿನಲ್ಲಿ ಯಾರೂ ಚಕ್ರ ಮುಟ್ಟಲು ಬಿಡಲಿಲ್ಲ. ದಿನಾ ಬೆಳಿಗ್ಗೆ ತನ್ನ ಗಾಳಿ ನೋಡುವ ಗೇಜ್ ಹಿಡಿದು ಹೊರಡುತ್ತಿದ್ದ. ಬೀದಿಯಲ್ಲಿ ನಿಂತ ಕಾರುಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಚಕ್ರ ನೋಡುತ್ತಿದ್ದ. ಗಾಳಿ ಕಡಿಮೆಯಿದ್ದರೆ ಮನೆಯ ಬಾಗಿಲು ಬಡಿದು ಹೇಳುತ್ತಿದ್ದ. ಜನ ಗದರಿ ಓಡಿಸುತ್ತಿದ್ದರು. ನಿನ್ನೆ ಬೆಳಿಗ್ಗೆ ಯಾರದೋ ಕಾರಿನ ಹಿಂದಿನ ಚಕ್ರದ ಬಳಿ ಕೂತವನು ಏಳಲೇ ಇಲ್ಲ.

*

ವೇಣುಗೋಪಾಲ ದೊಡ್ಡ ಹಾರ ತಂದಿದ್ದ. ಹಾಕಿ, ಕೈಮುಗಿದು, ಎಲ್ಲರಿಗೂ ಕೇಳುವಂತೆ ಹೇಳಿದ: "ತಪ್ಪು ಮಾಡಿದರೂ ನಮ್ಮವನು. ನಮ್ಮ ಮನಸ್ಸಲ್ಲಿ ಏನೂ ಇಟ್ಟುಕೊಂಡಿಲ್ಲ. ಹೆಂಗಸರು ನನ್ನ ಕಾರಲ್ಲಿ ಬರಲಿ, ಗೋವಿಂದ ಓಡಿಸ್ತಾನೆ."

ಸತ್ತವನಿಗೆ ಕ್ಷಮೆ ಕೊಟ್ಟು ದೊಡ್ಡವನಾಗುವುದು ಎಷ್ಟು ಸುಲಭ.

ರುದ್ರಪ್ಪನ ಮಗಳು ಅಪೂರ್ವ ಗೇಜ್ ಹಿಡಿದು ಬಂದಳು. "ಕಾಕಾ, ಪಪ್ಪಾನ ಜೇಬಿನ್ಯಾಗ ಇತ್ತು. ಯೇ ಭೀ ಸಾಥ್ ರಖ್ ದೇಂ ಕ್ಯಾ, ಇದನ್ನೂ ಜೋಡಿ ಇಡೂಣೇನು?"

"ಮಣ್ಣಾಗ ಕಬ್ಬಿಣಾ ಬ್ಯಾಡವ್ವಾ," ಎಂದರು ಸ್ವಾಮಿಗಳು. ಯಾರೂ ಕೈಚಾಚದಿದ್ದಾಗ ಗೋವಿಂದ ಅದನ್ನು ತೆಗೆದುಕೊಂಡು ಜೇಬಿಗೆ ಹಾಕಿಕೊಂಡ.

ಟೆಂಪೋದಲ್ಲಿ ಕೂತೇ ರುದ್ರಪ್ಪ ರುದ್ರಭೂಮಿಗೆ ಹೋದ. ಕುಣಿಯ ಗೂಡಿನಲ್ಲಿ ಅವನನ್ನು ಕೂರಿಸಿ, ಉಪ್ಪು, ವಿಭೂತಿ, ಬಿಲ್ವಪತ್ರೆ ಸುರಿದರು. ಗೋವಿಂದನೂ ಮೂರು ಹಿಡಿ ಮಣ್ಣು ಹಾಕಿದ. ಮುಖ ಮುಚ್ಚುವವರೆಗೂ ಕಲಾವತಿ ಕಣ್ಣು ಕೀಳದೆ ನೋಡಿದಳು.

ಹೊರಡುವ ಹೊತ್ತಿಗೆ ಅಪೂರ್ವ ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ಗೋವಿಂದ ಕಾರು ಚಾಲೂ ಮಾಡಿದ. ಹೊರಗೆ ನಿಂತ ಕಲಾವತಿ ಹಿಂದಿನ ಚಕ್ರ ನೋಡುತ್ತ ಕೇಳಿದಳು:

"ಇದು ಯಾಕ ಹಿಂಗ ಕೂತೈತಿ?"

ಗೋವಿಂದ ಇಳಿದು ಬಂದ. ಟೈರು ನೆಲದ ಹತ್ತಿರ ಹೊಟ್ಟೆ ಬಿಟ್ಟಿತ್ತು. ಕುಕ್ಕರುಗಾಲಲ್ಲಿ ಕೂತು ಗೇಜ್ ಹಚ್ಚಿದ. ಹದಿನಾರು.

"ಏನ್ ನೋಡ್ತಿದ್ದೀಯ?" ವೇಣುಗೋಪಾಲ ಟೆಂಪೋದ ಬಳಿಯಿಂದ ಬಂದ. "ದೀಪ ಉರೀತಿಲ್ಲವಲ್ಲ. ಹೊರಡು, ಜಲ್ದಿ."

ದೀಪ ಹೇಗೆ ಉರಿದೀತು. ಈ ಕಾರು ಬಂದದ್ದು ಹೋದ ವರ್ಷ, ರುದ್ರಪ್ಪ ಅಂಗಡಿ ಬಿಟ್ಟ ಮೇಲೆ. ದಸರೆಗೆ ಇದಕ್ಕೆ ಹೊಸ ಚಕ್ರ ಹಾಕಿದವನು ಗೋವಿಂದ. ಮ್ಯಾಟಿನ ಕೆಳಗೆ ಏನಿಡಬೇಕೆಂದು ನಿಂತು ಹೇಳಿದವನು ವೇಣುಗೋಪಾಲ.

ಗೋವಿಂದ ಹಿಂದಿನ ಬಾಗಿಲು ತೆಗೆದು, "ಇಳೀವ್ವಾ," ಎಂದ ಅಪೂರ್ವಳಿಗೆ. ಆಮೇಲೆ ಡಿಕ್ಕಿ ತೆರೆದು ಮ್ಯಾಟ್ ಎತ್ತಿ, ಪೈಪನ್ನು ಕಲಾವತಿಯ ಮುಂದೆ ಹಿಡಿದ.

"ಗೋವಿಂದ, ಅದನ್ನ ಒಳಗಿಡು," ಎಂದ ವೇಣುಗೋಪಾಲ. ಈ ಸಲ ದನಿಯಲ್ಲಿ ನಯವಿರಲಿಲ್ಲ.

"ವೈನಿ, ಆ ಪೈಪೂ ಇಂಥಾದ್ದ. ಇದನ್ನೂ ನಾನ ಮಾಡಿದ್ದು, ಅದನ್ನೂ ನಾನ ಮಾಡಿದ್ದು, ಇವರು ಹೇಳಿದ್ದಕ್ಕ. ರುದ್ರಪ್ಪಣ್ಣ ಬ್ಯಾಡ ಅಂದು ಮನೀಗೆ ಹೋಗಿದ್ದ."

ಕಲಾವತಿ ಮಣ್ಣಿನ ಗುಡ್ಡೆಯ ಕಡೆ ತಿರುಗಿ ನೋಡಿದಳು. ಮಣ್ಣು ಎಳೆಯುವವನ ಸಲಿಕೆಯ ಸದ್ದು ಕೇಳುತ್ತಿತ್ತು.

"ಒಂದು ತಾಸು ಮೊದಲ ಹೇಳಿದ್ರ," ಎಂದಳು ಮೆಲ್ಲಗೆ, "ಅವರ ಮಾರಿಯರ ಇತ್ತಲ್ಲೋ ನನ್ನ ಮುಂದ."

ಪೈಪನ್ನೂ ಗೇಜನ್ನೂ ಅವನ ಕೈಯಿಂದ ತೆಗೆದುಕೊಂಡಳು. ಗಂಡ ಮಾಡುವುದನ್ನು ವರ್ಷಗಟ್ಟಲೆ ನೋಡಿದವಳು, ಪೈಪಿನ ವಾಲ್ವಿಗೆ ಗೇಜ್ ಬರೋಬರ್ ಹಚ್ಚಿದಳು. ಮುಳ್ಳು ಮೂವತ್ತೆರಡಕ್ಕೆ ಏರಿ ನಿಂತಿತು. ಆಮೇಲೆ ತುರುಬಿನ ಪಿನ್ನು ತೆಗೆದು ವಾಲ್ವಿನ ಬಾಯಿಗೆ ಒತ್ತಿ ಹಿಡಿದಳು. ಗಾಳಿ ಸೀಟಿ ಹೊಡೆಯುತ್ತ ಹೊರಬಿತ್ತು. ಅದು ನಿಲ್ಲುವವರೆಗೂ ಅವಳು ಕೈ ಸಡಿಲಿಸಲಿಲ್ಲ. ಬರಿದಾದ ಪೈಪನ್ನು ವೇಣುಗೋಪಾಲನ ಕಾಲ ಬಳಿ ಇಟ್ಟು, ಗೇಜನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮಗಳ ಕೈಹಿಡಿದು ಬರಿಗಾಲಲ್ಲಿ ಮತ್ತೆ ಮಣ್ಣಿನ ಗುಡ್ಡೆಯ ಕಡೆಗೆ ನಡೆದಳು.

ಕಾರು ಇನ್ನೂ ಚಾಲೂ ಇತ್ತು. ಯಾರೂ ಕೂತಿರದ ಸೀಟಿನ ಎದುರು ಹಳದಿ ದೀಪ ಹೊತ್ತಿಕೊಂಡು ಉರಿಯತೊಡಗಿತು.